ಒಂದು ಬೆರಳಿಗೆ ಏರಿಳಿಯದ ದಟ್ಟಿ

ಕಚೇರಿ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ನಮ್ಮ ಜಗುಲಿಗೆ ಬಂದು ಕೂರುತ್ತಾರೆ. ‘ನಿಮ್ಮ ಕಾಲದಲ್ಲಿ ಕೆಲಸ ಹೇಗಿತ್ತು, ಏನು ಕಲಿತಿರಿ?’ ಎಂದು ಕೇಳುತ್ತಾರೆ. ಮಹಾರಾಜರ ಸರ್ಕಾರದಲ್ಲಿ ಮೂವತ್ತು ವರ್ಷದ ಮೇಲೆ ಗುಮಾಸ್ತನಾಗಿದ್ದೆ. ಮೂರು ಬಡ್ತಿ ಸಿಕ್ಕಿದವು, ಒಂದು ಕೈತಪ್ಪಿತು. ಆ ಮಾತು ಇಲ್ಲಿಗೆ ಮುಗಿಯಿತು. ನಾನು ನಿಜವಾಗಿ ಕಲಿತದ್ದು ಒಂದೇ ಒಂದು ಪದ. ಅದನ್ನು ಕಲಿಯುವುದಕ್ಕೆ ಪಾಪದ ಮುದುಕನೊಬ್ಬನನ್ನು ಕೆಲಸದಿಂದ ತೆಗೆಸಬೇಕಾಯಿತು.

ಇದು ಯಾವ ಊರಿನ ಕಚೇರಿಯಲ್ಲಿ ನಡೆಯಿತೆಂದು ಕೇಳಬೇಡಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ನಾಲ್ಕರಲ್ಲೂ ಕೆಲಸ ಮಾಡಿದ್ದೇನೆ. ನಾಲ್ಕು ಊರಿನವರೂ ‘ನಮ್ಮೂರಲ್ಲ ಬಿಡಿ’ ಎಂದುಕೊಂಡು ನೆಮ್ಮದಿಯಾಗಿ ಓದಲಿ.

ಮೊದಲು ದಟ್ಟಿ ಎಂದರೇನು ಎಂಬುದನ್ನು ಹೇಳಬೇಕು, ಈಗಿನವರು ನೋಡಿಲ್ಲ. ಆಗ ಕಚೇರಿಯ ಜವಾನನನ್ನು ದಲಾಯತ ಎನ್ನುತ್ತಿದ್ದರು. ಅವನು ಬಿಳಿ ಅಂಗಿಯ ಮೇಲೆ ಸೊಂಟಕ್ಕೆ ನಾಲ್ಕು ಸುತ್ತು ಬರುವ ಕೆಂಪು ಬಟ್ಟೆ ಬಿಗಿಯುತ್ತಿದ್ದ. ಅದರ ಮೇಲೆ ಹಿತ್ತಾಳೆ ಬಿಲ್ಲೆ. ಆ ಕೆಂಪು ಬಟ್ಟೆಯೇ ದಟ್ಟಿ. ಅದನ್ನು ಕಟ್ಟಿದವನು ಸರ್ಕಾರ, ಬಿಚ್ಚಿದವನು ಯಾರೋ ಒಬ್ಬ. ಎಷ್ಟರ ಮಟ್ಟಿಗೆ ಎಂದರೆ ಕಚೇರಿಯಲ್ಲಿ ದಲಾಯತ ಎಂಬ ಮಾತೇ ಹೋಗಿ, ಆಳಿಗೇ ದಟ್ಟಿ ಎನ್ನುವ ರೂಢಿ ಬಂದಿತ್ತು. ‘ಎರಡು ದಟ್ಟಿ ಕಳಿಸ್ರೀ’, ‘ಈ ಹೊತ್ತು ಒಂದು ದಟ್ಟಿ ಬಂದಿಲ್ಲ’, ‘ಬಂಗಲೆ ದಟ್ಟಿಗೆ ಜ್ವರ’. ಹೀಗೆಯೇ ಮಾತಾಡುತ್ತಿದ್ದೆವು, ಹೀಗೆಯೇ ಬರೆಯುತ್ತಿದ್ದೆವು. ಮುಂದಿನ ಅನಾಹುತಕ್ಕೆಲ್ಲ ಈ ರೂಢಿಯೇ ಕಾರಣ.

ನಮ್ಮ ಮುಖ್ಯ ದಲಾಯತ ಕೆಂಚಪ್ಪ. ಶಿರಾ ಕಡೆಯ ಹುಲಿಕುಂಟೆಯವನು, ಕುರಿ ಕಾಯುವವರ ಮನೆತನ. ಒಮ್ಮೆ ತೋವಿನಕೆರೆಗೆ ನೋಟೀಸು ಕೊಡಲು ಹೋದಾಗ ಹಳ್ಳದಲ್ಲಿ ದಟ್ಟಿ ಒಗೆದು, ಬೇಲಿಯ ಮೇಲೆ ಒಣಹಾಕಿ, ಬರಿಯ ಅಂಗಿಯಲ್ಲಿ ಪಟೇಲರ ಮನೆಗೆ ಹೋದ. ಪಟೇಲರು ‘ಯಾರ್ಲಾ ನೀನು?’ ಎಂದು ಗದರಿಸಿ, ಎಮ್ಮೆ ಕಟ್ಟಲು ಹೇಳಿದರಂತೆ. ಕೆಂಚಪ್ಪ ಎಮ್ಮೆಯನ್ನೂ ಕಟ್ಟಿದ. ಆಮೇಲೆ ಹೋಗಿ ಒದ್ದೆ ದಟ್ಟಿಯನ್ನೇ ಕೋಲಿಗೆ ಸಿಕ್ಕಿಸಿಕೊಂಡು ಬಂದ. ಪಟೇಲರು ಎದ್ದು ನಿಂತು, ಕೋಲಿಗೆ ಕೈಮುಗಿದು ನೋಟೀಸು ತೆಗೆದುಕೊಂಡರು. ‘ನನ್ನ ಮುಕ ನೋಡ್ನೇ ಇಲ್ಲ ಅಯ್ನೋರೆ. ಬಟ್ಟೆ ಜೊತೇಲೆ ಮಾತಾಡ್ಬುಟ್ರು’ ಎಂದು ಬಂದು ನಕ್ಕ. ನಾನು ಜಂಗಮರ ಮನೆಯವನಾದ್ದರಿಂದ ಅವನಿಗೆ ಅಯ್ನೋರು.

ಆ ದಟ್ಟಿಗೆ ನಾನೂ ಋಣಿ. ಹೊಸದರಲ್ಲಿ ತಾಲ್ಲೂಕಿನ ಮುಖ್ಯಾಧಿಕಾರಿ ಅಮಲ್ದಾರರ ಪರಿವಾರದ ಜೊತೆ ಸಿದ್ದರಬೆಟ್ಟ ಹತ್ತುವಾಗ ಜಾರಿ, ಬಂಡೆಯ ಸಂದಿನಲ್ಲಿ ಎದೆಮಟ್ಟ ಸಿಕ್ಕಿಕೊಂಡೆ. ಉಳಿದವರೆಲ್ಲ ಮೇಲಿನಿಂದ ಧೈರ್ಯ ಹೇಳುತ್ತಿದ್ದರು. ಕೆಂಚಪ್ಪನೊಬ್ಬನೇ ಸರಸರನೆ ದಟ್ಟಿ ಬಿಚ್ಚಿ ಎಸೆದು, ‘ಇಡ್ಕೊಳಿ, ಬುಡಬ್ಯಾಡಿ’ ಎಂದು ಎಳೆದು ಹಾಕಿದ. ‘ಇದು ನಿನಗೆ ಹೇಗೆ ಹೊಳೆಯಿತೋ?’ ಎಂದರೆ, ‘ದಿನಾ ಇದ್ರಾಗೆ ಕೊಡ ಕಟ್ಟಿ ಬಾವಿಗೆ ಬುಡ್ತೀನಲ್ಲ’ ಎಂದ. ಸರ್ಕಾರದ ಗೌರವ ಬಾವಿಯಲ್ಲಿ ದಿನಾ ಮುಳುಗಿ ಏಳುತ್ತಿದ್ದದ್ದು ಅವತ್ತೇ ನನಗೆ ತಿಳಿದದ್ದು.

ಇನ್ನು ನನ್ನ ಕೆಲಸ. ಮೇಲಿನಿಂದ ಬರುವ ಇಂಗ್ಲಿಷ್ ಹುಕುಂಗಳನ್ನು ಕನ್ನಡಕ್ಕೆ ತರುವುದು. ಕಚೇರಿಯಲ್ಲಿ ಇದ್ದದ್ದು ಒಂದೇ ನಿಘಂಟು. ಅದನ್ನು ಗೆದ್ದಲುಗಳೂ ನಾನೂ ಹಂಚಿಕೊಂಡು ಓದುತ್ತಿದ್ದೆವು. ನನ್ನ ಮೇಲೆ ಶಿರಸ್ತೆದಾರ್ ಶಾಮರಾಯರು. ಕೈ ಕೊಳಕಲ್ಲದ, ಮನಸ್ಸೂ ಕೆಟ್ಟದ್ದಲ್ಲದ ಮನುಷ್ಯ. ಆದರೆ ಮೇಲಿನಿಂದ ಬಂದ ಕಾಗದದಲ್ಲಿ ತಪ್ಪಿರಬಹುದು ಎಂಬ ಯೋಚನೆ ಅವರಿಗೆ ಹುಟ್ಟಿನಿಂದ ಬಂದಿರಲಿಲ್ಲ. ಹಿಂದಿನ ವರ್ಷ ‘ದಲಾಯತರ ರುಮಾಲಿಗೆ ಎಷ್ಟು ಸುತ್ತು ಎಂಬುದನ್ನು ತಿಳಿಸಿ’ ಎಂದು ಮೇಲಿನವರು ಬರೆದಿದ್ದರು. ಶಾಮರಾಯರು ಖುದ್ದಾಗಿ ನಿಂತು ರುಮಾಲು ಬಿಚ್ಚಿಸಿ ಎಣಿಸಿದ್ದರು. ಅಂಥ ಕಚೇರಿಗೆ ಈ ಕಾಗದ ಬಂತು.

ಜಿಲ್ಲೆಯ ದೊಡ್ಡ ಸಾಹೇಬರು ಸವಾರಿ ಬರುತ್ತಾರೆ, ಕಚೇರಿಯ ಪಕ್ಕದ ಬಂಗಲೆಯಲ್ಲಿ ಇಳಿಯುತ್ತಾರೆ ಎಂದು ಕಾಗದ. ಅದರಲ್ಲಿ ‘ಬಂಗಲೆಯ ನಾಲ್ಕು ಸ್ಯಾಶ್‌ಗಳ ವಿಷಯ’ ಎಂದು ಒಂದು ಪ್ಯಾರಾ. ಕೇಳೋಣವೆಂದರೆ ಅಮಲ್ದಾರರು ಕಂದಾಯದ ಜಮಾಬಂದಿಗೆ ಹಳ್ಳಿಗಳ ಮೇಲೆ ಹೋಗಿದ್ದರು. ನಾನು ನಿಘಂಟು ತೆರೆದೆ. ಸ್ಯಾಶ್: ‘ದಟ್ಟಿ, ನಡುಕಟ್ಟು, ಅಲ್ಲದೆ’ ಎಂದು ಇತ್ತು. ‘ಅಲ್ಲದೆ’ ಆದ ಮೇಲೆ ಒಂದು ತೂತು. ತೂತಿನಲ್ಲಿ ಹಿಂದಿನ ಪುಟದ ಬೇರೆ ಯಾವುದೋ ಪದ ಕಾಣುತ್ತಿತ್ತು. ಬಂಗಲೆಯ ಕೆಲಸಕ್ಕೆ ಹಾಕಿದ್ದ ದಟ್ಟಿಗಳು, ಕೆಂಚಪ್ಪನೂ ಸೇರಿ, ಸರಿಯಾಗಿ ನಾಲ್ಕು. ಇನ್ನೇನು ಅನುಮಾನ? ಬರೆದೇಬಿಟ್ಟೆ.

ನಾನು ಬರೆದ ಕನ್ನಡ ಇದು: ‘ಬಂಗಲೆಯ ನಾಲ್ಕು ದಟ್ಟಿಗಳೂ ಬಹುಕಾಲದಿಂದ ಅಲಕ್ಷ್ಯಕ್ಕೊಳಗಾಗಿವೆ. ಅವುಗಳನ್ನು ತೊಳೆದು, ಹಳೆಯ ಬಣ್ಣ ತೆಗೆಯಬೇಕು. ಪಕ್ಕಗಳಿಗೆ ಎಣ್ಣೆ ಹಚ್ಚಬೇಕು. ಪ್ರತಿ ದಟ್ಟಿಗೂ ಎರಡು ಬದಿಯಲ್ಲಿ ಹಗ್ಗದಿಂದ ಸಮತೂಕದ ಗುಂಡು ಇಳಿಬಿಟ್ಟಿರಬೇಕು. ಒಂದು ಬೆರಳು ತಾಕಿಸಿದರೆ ಸರಾಗವಾಗಿ ಮೇಲೆ ಕೆಳಗೆ ಆಗಬೇಕು. ಎಷ್ಟು ಎತ್ತರದಲ್ಲಿ ಬಿಟ್ಟರೆ ಅಷ್ಟರಲ್ಲೇ ನಿಲ್ಲಬೇಕು. ಗಾಳಿಯಾದಾಗ ಸದ್ದು ಮಾಡಕೂಡದು. ಸಿಕ್ಕಿಕೊಳ್ಳುವ ದಟ್ಟಿಯನ್ನು ಸವಾರಿಗೆ ಮುಂಚೆಯೇ ತೆಗೆದುಹಾಕತಕ್ಕದ್ದು.’

ಶಾಮರಾಯರು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿ, ‘ಸಾಹೇಬರು ಬಹಳ ಶಿಸ್ತಿನವರು ಕಣ್ರೀ’ ಎಂದರು.

ನಿಮಗೆ ನಗು ಬರುತ್ತಿದೆ. ಅಂದು ಆ ಕಚೇರಿಯಲ್ಲಿ ಒಬ್ಬನೂ ನಗಲಿಲ್ಲ. ಮಾರನೆಯ ಬೆಳಿಗ್ಗೆ ಬಾವಿಕಟ್ಟೆಯ ಹತ್ತಿರ ನಾಲ್ವರು ದಲಾಯತರನ್ನು ಸಾಲಾಗಿ ನಿಲ್ಲಿಸಿ ತೊಳೆದರು. ಪಾವಗಡದ ಓಬಳೇಶಿ ಮೀಸೆಗೆ ಕಾಡಿಗೆ ತಿಕ್ಕಿಕೊಳ್ಳುತ್ತಿದ್ದ. ಹಳೆಯ ಬಣ್ಣ ತೆಗೆಯಬೇಕಲ್ಲ, ಸೀಗೆಪುಡಿ ಹಾಕಿ ಉಜ್ಜಿಸಿದರು. ಒಳಗಿನಿಂದ ಹಾಲಿನಂಥ ಬಿಳಿ ಮೀಸೆ ಹೊರಬಂತು. ನಾವೆಲ್ಲ ಅವನನ್ನು ಮೂವತ್ತರ ಆಸುಪಾಸಿನವನೆಂದುಕೊಂಡಿದ್ದೆವು. ಆಮೇಲೆ ಪಕ್ಕೆಗಳಿಗೆ ಹರಳೆಣ್ಣೆ.

‘ಅದೇಂದಿ ಸ್ವಾಮಿ ಇದು, ನಾನೇನ್ ಬಂಡಿ ಗಾಲೀನಾ, ಎಣ್ಣೆ ಬುಡಾಕೆ?’ ಎಂದು ಓಬಳೇಶಿ ಕೂಗಾಡಿದ.

ಪಕ್ಕದಲ್ಲಿದ್ದ ಶಿರಾದ ಕಾಸಿಮ್ ಸಾಬಿ, ‘ಸುಮ್ಕಿರಪ್ಪಾ, ಹುಕುಂ ಅಂದ್ರೆ ಹುಕುಂ. ಕ್ಯಾ ಕರ್ನಾ? ನಂಗೆ ಸೊಂಟ ನೋವಿತ್ತು, ಎಣ್ಣೆಗೆ ವಾಸಿ ಆಯ್ತು’ ಎಂದ.

ಸಮತೂಕದ ಗುಂಡಿಗೆ ಚೀಲದಲ್ಲಿ ಮರಳು ತುಂಬಿ, ಹಗ್ಗ ಕಟ್ಟಿ ಭುಜದ ಎರಡು ಕಡೆಗೂ ಇಳಿಬಿಟ್ಟರು. ಗಾಳಿಯಾದಾಗ ಸದ್ದು ಮಾಡಬಾರದೆಂಬ ಮಾತನ್ನು ಶಾಮರಾಯರು ಬಹಳ ಹೊತ್ತು ಯೋಚಿಸಿದರು. ಕಡೆಗೆ ನಾಲ್ವರನ್ನೂ ಹತ್ತಿರ ಕರೆದು, ಸಣ್ಣ ದನಿಯಲ್ಲಿ, ‘ಸವಾರಿ ಮುಗಿಯೋ ತನಕ ಅವರೆಕಾಳು ತಿನ್ನಬೇಡ್ರಪ್ಪ’ ಎಂದರು.

ಇದುವರೆಗೆ ಎಲ್ಲ ಸಲೀಸಾಗಿ ನಡೆಯಿತು. ಉಳಿದದ್ದು ಏರಿಳಿಯುವ ಪರೀಕ್ಷೆ. ಶಾಮರಾಯರು ಒಬ್ಬೊಬ್ಬರ ತಲೆಯ ಮೇಲೂ ಒಂದು ಬೆರಳಿಡುವುದು, ಅವನು ಕುಕ್ಕರಗಾಲಲ್ಲಿ ಕೂರುವುದು, ಬೆರಳೆತ್ತಿದರೆ ಏಳುವುದು, ನಡುವೆ ‘ಹಾಂ’ ಎಂದರೆ ಅಲ್ಲೇ ಅರ್ಧಕ್ಕೆ ನಿಲ್ಲುವುದು. ಓಬಳೇಶಿ ನಿಂತ, ಕಾಸಿಮ್ ನಿಂತ, ನಾಲ್ಕನೆಯವನಂತೂ ಗರಡಿಯ ಆಳು. ಕೆಂಚಪ್ಪನ ಸರದಿ ಬಂತು. ಬೆರಳು ತಾಕುತ್ತಲೇ ಕೂತ. ಬೆರಳೆತ್ತಿದರೆ ಏಳಲಿಲ್ಲ. ಮಂಡಿ ಹಿಡಿದು ವರ್ಷಗಳಾಗಿದ್ದವು. ಗೋಡೆಯನ್ನೋ ಕಂಬವನ್ನೋ ಹಿಡಿದು ಹೇಗೋ ನಿಭಾಯಿಸುತ್ತಿದ್ದ. ಅಂಗಳದ ನಡುವೆ ಹಿಡಿಯಲು ಏನೂ ಇರಲಿಲ್ಲ. ಎರಡು ಕೈಯೂರಿ ತಿಣುಕಿದ. ಮರಳಿನ ಚೀಲ ಬೇರೆ ಕೆಳಕ್ಕೆ ಜಗ್ಗುತ್ತಿತ್ತು.

ಶಾಮರಾಯರ ಮುಖ ಸಣ್ಣದಾಯಿತು. ‘ಸಿಕ್ಕಿಕೊಂಡಿತು’ ಎಂದರು.

ಕೆಂಚಪ್ಪನ ಸೇವೆ ಮುಗಿಯಲು ಇನ್ನು ಒಂದೇ ವರ್ಷವಿತ್ತು. ಅಷ್ಟರೊಳಗೆ ತೆಗೆದುಹಾಕಿದರೆ ಪಿಂಚಣಿ ಇಲ್ಲ. ನೆಲದಲ್ಲಿ ಕೂತಲ್ಲಿಂದಲೇ ಅವನು ನನ್ನ ಕಡೆ ತಿರುಗಿದ. ‘ಅಯ್ನೋರೆ, ಇನ್ನೊಂದ್ ಕಿತ ಓದಿ. ವಯಸ್ಸಾದವ್ರನ್ನ ಬುಟ್ಟು ಅಂತ ಎಲ್ಲಾರ ಐತಾ ನೋಡಿ.’

ನಾನು ಓದಿದೆ. ಇಂಗ್ಲಿಷನ್ನೂ ಓದಿದೆ, ನನ್ನ ಕನ್ನಡವನ್ನೂ ಓದಿದೆ. ಎಲ್ಲೂ ಇರಲಿಲ್ಲ. ‘ಇಲ್ಲ ಕೆಂಚಪ್ಪ’ ಎಂದೆ. ಸಿದ್ದರಬೆಟ್ಟದಲ್ಲಿ ನನ್ನನ್ನು ಎಳೆದುಕೊಂಡ ಮನುಷ್ಯನಿಗೆ ನಾನು ಹೇಳಿದ್ದು ಅಷ್ಟೇ. ಕಾಸಿಮ್ ಸಾಬಿ ರಟ್ಟೆ ಹಿಡಿದು ಎಬ್ಬಿಸಿದ. ಕೆಂಚಪ್ಪ ದಟ್ಟಿಯ ನಾಲ್ಕು ಸುತ್ತನ್ನೂ ಬಿಚ್ಚಿ, ಮಡಿಸಿ, ಬಿಲ್ಲೆಯ ಸಮೇತ ಶಾಮರಾಯರ ಮೇಜಿನ ಮೇಲಿಟ್ಟ. ಬರಿಯ ಅಂಗಿಯಲ್ಲಿ ಗೇಟು ದಾಟುವಾಗ, ಹೊರಗೆ ಕಾಯುತ್ತಿದ್ದ ರೈತನೊಬ್ಬ ಅವನಿಗೆ ದಾರಿ ಬಿಡಲಿಲ್ಲ. ಅದನ್ನು ನಾನು ನೋಡಿದೆ. ಆದರೂ ತೆಗೆದುಹಾಕಿದ ಹುಕುಮಿನ ಪ್ರತಿಯನ್ನು ನಾನೇ ದುಂಡಗೆ ಬರೆದೆ.

ಒಂದು ವಾರಕ್ಕೆ ಸಾಹೇಬರ ಮೋಟಾರು ಬಂತು. ಬಂಗಲೆಯ ಹಜಾರದಲ್ಲಿ ಮೂವರು ದಲಾಯತರು ಎಣ್ಣೆ ಸುರಿಸುತ್ತ, ಮರಳಿನ ಚೀಲ ತೂಗಿಸಿಕೊಂಡು, ಉಸಿರು ಬಿಗಿಹಿಡಿದು ನಿಂತಿದ್ದರು. ಸಾಹೇಬರು ನಮ್ಮ ಮೈಸೂರಿನವರೇ, ಕನ್ನಡ ಚೆನ್ನಾಗಿ ಬರುತ್ತಿತ್ತು. ‘ಇವರಿಗೆ ಏನಾಗಿದೆ?’ ಎಂದರು.

‘ತಮ್ಮ ಹುಕುಂ ಪ್ರಕಾರ, ಮಹಾಸ್ವಾಮಿ’ ಎಂದು ಶಾಮರಾಯರು ಓಬಳೇಶಿಯ ತಲೆಯ ಮೇಲೆ ಬೆರಳಿಟ್ಟರು. ಓಬಳೇಶಿ ನುಣ್ಣಗೆ ಇಳಿದು ಅರ್ಧಕ್ಕೆ ನಿಂತ. ಸಾಹೇಬರು ಅವನನ್ನು ನೋಡಿದರು, ಶಾಮರಾಯರನ್ನು ನೋಡಿದರು. ಇದು ಈ ಸೀಮೆಯ ಯಾವುದೋ ಮರ್ಯಾದೆಯಿರಬೇಕು ಎಂದುಕೊಂಡರೋ ಏನೋ, ‘ಸರಿ ಸರಿ, ಸಂತೋಷ’ ಎಂದರು. ಸೆಕೆ ತಡೆಯಲಾರದೆ ಕಿಟಕಿಯ ಹತ್ತಿರ ಹೋದರು.

ಆ ಬಂಗಲೆಯ ಕಿಟಕಿಗಳು ನಮ್ಮ ಮನೆಯವುಗಳ ಹಾಗೆ ಪಕ್ಕಕ್ಕೆ ತೆರೆಯುವಂಥವಲ್ಲ. ಹಿಂದೆ ಯಾರೋ ಬಿಳಿಯ ಇಂಜಿನಿಯರು ಇಡಿಸಿದ್ದು. ಗಾಜಿನ ಹಲಗೆ ಚೌಕಟ್ಟಿನೊಳಗೆ ಮೇಲಕ್ಕೂ ಕೆಳಕ್ಕೂ ಜಾರಬೇಕು. ಊರಿನವರು ಅದಕ್ಕೆ ಇಲಿಬೋನು ಕಿಟಕಿ ಎನ್ನುತ್ತಿದ್ದರು. ಅವು ನಾಲ್ಕಿದ್ದವು. ಸಾಹೇಬರು ಒಂದು ಬೆರಳಿಟ್ಟು ಎತ್ತಿದರು. ಬರಲಿಲ್ಲ. ಎರಡು ಕೈ ಹಾಕಿ ತಿಣುಕಿದರು. ಆಮೇಲೆ ಸಿಟ್ಟಿನಿಂದ ತಿರುಗಿ ಇಂಗ್ಲಿಷಿನಲ್ಲಿ, ಸ್ಯಾಶ್ ಸಿಕ್ಕಿಕೊಂಡಿದೆ ಎಂದರು.

ಸ್ಯಾಶ್! ಅವರ ಕೈ ಕಿಟಕಿಯ ಮೇಲಿತ್ತು. ನಿಘಂಟಿನ ತೂತಿನಲ್ಲಿ ಗೆದ್ದಲು ತಿಂದದ್ದು ಏನೆಂದು ನನಗೆ ಆ ಕ್ಷಣ ಹೊಳೆಯಿತು.

ಸಾಹೇಬರು ಶಾಮರಾಯರನ್ನು, ‘ಸಿಕ್ಕಿಕೊಂಡದ್ದನ್ನು ತೆಗೆದುಹಾಕಿ ಅಂತ ಬರೆದಿದ್ದೆನಲ್ಲ?’ ಎಂದು ಕೇಳಿದರು.

‘ತೆಗೆದುಹಾಕಿದ್ದೇವೆ ಸ್ವಾಮಿ. ಒಂದು ಮಾತ್ರ ಸಿಕ್ಕಿಕೊಳ್ತಿತ್ತು.’

‘ಅದೆಲ್ಲಿದೆ ಈಗ?’

‘ಹುಲಿಕುಂಟೆಗೆ ಹೋಯ್ತು ಸ್ವಾಮಿ.’

‘ಹುಲಿಕುಂಟೆಗೆ ಯಾಕೆ?’

‘ಅದರ ಸ್ವಂತ ಊರು ಅದೇ, ಸ್ವಾಮಿ.’ ಶಾಮರಾಯರು ಕನ್ನಡಕ ತೆಗೆದು ಒರೆಸಿದರು. ‘ಹೋಗೋವಾಗ ಕಣ್ಣಲ್ಲಿ ನೀರು ಹಾಕ್ಕೊಂಡಿತು. ಹೆಂಡತಿಗೆ ಏನು ಹೇಳಲಿ ಅಂತು. ಆದರೆ ಹುಕುಂ ಅಂದ್ರೆ ಹುಕುಂ.’

‘ಕಿಟಕಿಗೆ ಹೆಂಡತಿಯೇನ್ರೀ?’ ಎಂದರು ಸಾಹೇಬರು.

ಓಬಳೇಶಿ ಇನ್ನೂ ಅರ್ಧದಲ್ಲೇ ನಿಂತಿದ್ದ, ಅವನ ತೊಡೆ ಥರಥರ ನಡುಗುತ್ತಿತ್ತು. ನಾನು ಓಡಿಹೋಗಿ ನಿಘಂಟು ತಂದೆ. ‘ತಪ್ಪು ನನ್ನದು ಸ್ವಾಮಿ. ಶಿರಸ್ತೆದಾರರದ್ದಲ್ಲ, ದಲಾಯತರದ್ದೂ ಅಲ್ಲ’ ಎಂದು ಪುಟ ತೆರೆದು ಹಿಡಿದೆ. ಸಾಹೇಬರು ‘ಅಲ್ಲದೆ’ ತನಕ ಓದಿದರು. ತೂತಿನೊಳಗೆ ಬೆರಳು ಹಾಕಿ ನೋಡಿದರು. ಅವರಿಗೆ ನಗು ಬಂದಿತ್ತು, ಆದರೆ ನಗಲಿಲ್ಲ. ‘ಎಷ್ಟು ವರ್ಷ ಸೇವೆ ಆ ಮನುಷ್ಯನದು?’ ಎಂದರು. ಹೇಳಿದೆ. ‘ನಾನು ಮನುಷ್ಯರನ್ನು ತೆಗೆಯಲು ಬರೆದಿಲ್ಲ. ಕರೆಸಿ ಅವನನ್ನು’ ಎಂದರು.

ಇಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಶಾಮರಾಯರು ಕೈಮುಗಿದು, ‘ಒಂದು ದಟ್ಟಿಯನ್ನು ತೆಗೆದುಹಾಕಿದೆ ಅಂತ ದಾಖಲೆಗೆ ಹತ್ತಿಬಿಟ್ಟಿದೆ ಸ್ವಾಮಿ. ದಾಖಲೆ ಸುಳ್ಳಾಗಬಾರದು’ ಎಂದರು. ಸಾಹೇಬರು ಸುಸ್ತಾಗಿ ಕುರ್ಚಿಯಲ್ಲಿ ಕೂತು, ‘ಹಾಗಾದರೆ ನಿಜ ಮಾಡಿ’ ಎಂದರು. ಸಂಜೆಯೊಳಗೆ ಬಡಗಿ ಬಂದು ಒಂದು ಇಲಿಬೋನು ಕಿಟಕಿಯನ್ನು ಬುಡಸಮೇತ ಕಿತ್ತುಹಾಕಿದ. ದಾಖಲೆ ನಿಜವಾಯಿತು. ಗೋಡೆಯಲ್ಲಿ ಆಳೆತ್ತರದ ಕಿಂಡಿ ಉಳಿಯಿತು.

ಕೆಂಚಪ್ಪನನ್ನು ಕರೆತರಲು ಬೇರೆಯವರನ್ನು ಕಳಿಸಲು ನನಗೆ ಮುಖವಿರಲಿಲ್ಲ. ಅವನ ದಟ್ಟಿಯನ್ನು ಕಂಕುಳಲ್ಲಿಟ್ಟುಕೊಂಡು ನಾನೇ ಹುಲಿಕುಂಟೆಗೆ ಹೋದೆ. ಬಾಗಿಲಲ್ಲಿ ಅವನ ಹೆಂಡತಿ ಗಿರಿಯಮ್ಮ ನಿಂತಿದ್ದಳು. ‘ಯಾಕ್ ಬಂದ್ರಿ? ಇನ್ನೇನ್ ಕಿತ್ಕಳಾದು ಉಳ್ದೈತೆ? ಒಂದ್ ವಾರ್ದಿಂದ ಸರ್ಯಾಗಿ ಉಣ್ಣಾಕಿಲ್ಲ. ಜನ ಬಂದು ಏನ್ ಕದ್ದಾ ಅಂತ ಕೇಳ್ತಾವ್ರೆ’ ಎಂದು ಬಾಯಿಗೆ ಬಂದದ್ದನ್ನೆಲ್ಲ ಅಂದಳು. ಅಷ್ಟನ್ನೂ ಕೇಳಿಸಿಕೊಂಡೆ. ಅದು ನನ್ನ ಪಾಲಿನದೇ.

ಕೆಂಚಪ್ಪ ಕುರಿಹಟ್ಟಿಯ ಹತ್ತಿರ ಕಲ್ಲಿನ ಮೇಲೆ ಕೂತಿದ್ದ. ‘ತಪ್ಪಾಯ್ತು ಕೆಂಚಪ್ಪ. ಅದು ಕಿಟಕಿಯ ವಿಷಯ. ನಾನು ನಿನ್ನ ತಲೆಗೆ ಕಟ್ಟಿಬಿಟ್ಟೆ’ ಎಂದೆ. ಅವನು ಕೈಚಾಚಿ, ‘ಕೊಡಿ ಅತ್ಲಾಗೆ’ ಎಂದು ದಟ್ಟಿ ಇಸಿದುಕೊಂಡು ಅಲ್ಲೇ ಬಿಗಿದ. ಬಾಗಿಲ ಕಡೆ ತಿರುಗಿ, ‘ಲೇ ಗಿರಿ, ಉಣ್ಣಾಕಿಕ್ಕು. ಅಯ್ನೋರ್ಗೂ ಹಾಲು ಕೊಡು’ ಎಂದ.

ಬಂಗಲೆಯ ಕಿಂಡಿಯಿಂದ ಅಷ್ಟರಲ್ಲೇ ಕೋತಿಗಳು ನುಗ್ಗಲು ಶುರುಮಾಡಿದ್ದವು. ಹೊಸ ಕಿಟಕಿಗೆ ಬರೆದರೆ, ‘ಹಳೆಯದನ್ನು ಯಾಕೆ ತೆಗೆದಿರಿ?’ ಎಂದು ಕೇಳುತ್ತಾರೆಂದು ಶಾಮರಾಯರು ಬರೆಯಲಿಲ್ಲ. ಬದಲಿಗೆ ಕಿಂಡಿಯ ಪಕ್ಕ ಒಂದು ಮುಕ್ಕಾಲಿ ಹಾಕಿಸಿ, ಕೆಂಚಪ್ಪನನ್ನು ಕೂರಿಸಿದರು. ಅಲ್ಲಿ ಏಳುವ ಗೋಜಿಲ್ಲ. ಮಂಡಿಗೆ ಆರಾಮ. ಅವನು ನಾಲ್ಕು ದಿನ ಕೋತಿ ಅಟ್ಟಿದ. ಐದನೆಯ ದಿನ ದಟ್ಟಿ ಬಿಚ್ಚಿ ಅಗಲಿಸಿ, ಕಿಂಡಿಯ ಮೇಲಿನ ಗೂಟದ ಮೇಲೆ ಹಾಯಿಸಿ, ಎರಡು ತುದಿಗೂ ಒಂದೊಂದು ಮರಳಿನ ಚೀಲ ಕಟ್ಟಿ ಪರದೆಯ ಹಾಗೆ ಇಳಿಬಿಟ್ಟ. ಬಿಸಿಲಾದರೆ ಇಳಿಸುವುದು, ಗಾಳಿ ಬೇಕಾದರೆ ಏರಿಸುವುದು. ಒಂದು ಬೆರಳು ಸಾಕು. ಎಲ್ಲಿ ಬಿಟ್ಟರೆ ಅಲ್ಲಿ ನಿಲ್ಲುತ್ತಿತ್ತು, ಗಾಳಿಗೆ ಸದ್ದೂ ಇಲ್ಲ. ಬಂಗಲೆಗೆ ಬಂದವರೆಲ್ಲ ಗಾಜಿನ ಮೂರು ಕಿಟಕಿಗಳನ್ನು ಬಿಟ್ಟು ಇದರ ಹತ್ತಿರವೇ ಕುರ್ಚಿ ಹಾಕಿಸಿಕೊಳ್ಳುತ್ತಿದ್ದರು.

ಒಂದು ವರ್ಷ ಹಾಗೆಯೇ ಕಳೆಯಿತು. ಕೆಂಚಪ್ಪನ ಸೇವೆಯ ಕಡೆಯ ದಿನ ನಾನು ಬಂಗಲೆಗೆ ಹೋದೆ. ಅವನು ಕಿಂಡಿಯಿಂದ ದಟ್ಟಿ ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಕೂತಿದ್ದ.

‘ಅಯ್ನೋರೆ, ಆವತ್ತು ಸಾಹೇಬ್ರು ಕಿಟಕಿಗೆ ಇಂಗ್ಲೀಸ್ನಾಗೆ ಏನೋ ಅಂದ್ರಂತಲ್ಲ, ಏನದು?’

‘ಸ್ಯಾಶ್.’

‘ದಟ್ಟಿಗೇನಂತಾರೆ?’

‘ಅದಕ್ಕೂ ಸ್ಯಾಶ್.’

ಅವನು ಬಟ್ಟೆಯನ್ನು ನೋಡಿದ, ಕಿಂಡಿಯನ್ನು ನೋಡಿದ. ನಗಲು ಶುರುಮಾಡಿದವನು ಕೆಮ್ಮು ಬರುವ ತನಕ ನಕ್ಕ. ‘ಅಂಗಾರೆ ನೀವು ಬರ್ದಿದ್ದು ತೆಪ್ಪೇನಲ್ಲ ಬುಡಿ. ಒಂದೊರ್ಸ ನಾನೇ ಕಿಟಕಿಯಾಗಿದ್ನಲ್ಲ’ ಎಂದ. ಆ ತಪ್ಪನ್ನು ವರ್ಷವೆಲ್ಲ ಎದೆಯಲ್ಲಿಟ್ಟುಕೊಂಡಿದ್ದೆ. ಆ ಮಾತಿಗೆ ನನ್ನ ಕಣ್ಣು ತುಂಬಿತು.

ಹುಡುಗರೇ, ‘ಅಲ್ಲದೆ’ ಆದ ಮೇಲೆ ತೂತು ಕಂಡರೆ ಲೇಖನಿ ಕೆಳಗಿಟ್ಟು ಯಾರನ್ನಾದರೂ ಕೇಳಿ. ನಾನು ಹೇಳಬೇಕಾದ ಬುದ್ಧಿಮಾತು ಇಷ್ಟೇ.

ಹೊರಡುವ ಹೊತ್ತಿಗೆ ಕೆಂಚಪ್ಪ ಮುಕ್ಕಾಲಿಯಿಂದ ಏಳಲು ನೋಡಿದ. ಆಗಲಿಲ್ಲ. ಮಡಿಲಲ್ಲಿದ್ದ ದಟ್ಟಿಯ ಒಂದು ತುದಿಯನ್ನು ನಾನು ತೆಗೆದುಕೊಂಡೆ, ಇನ್ನೊಂದನ್ನು ಅವನ ಕೈಗೆ ಕೊಟ್ಟು, ‘ಇಡ್ಕೊ, ಬುಡಬ್ಯಾಡ’ ಎಂದು ಎಳೆದೆ. ಎದ್ದ. ಒಂದು ಬೆರಳಿಗೆ ಆಗುವ ಕೆಲಸವಾಗಿರಲಿಲ್ಲ ಅದು, ನನಗೆ ಎರಡೂ ಕೈ ಬೇಕಾದವು.